ಜೇಬಿಲ್ಲದ ಅಂಗಿ

ನನ್ನ ಅಂಗಿಗಳಿಗೆಲ್ಲ ಎರಡೆರಡು ಜೇಬು. ಎಡಕ್ಕೊಂದು, ಬಲಕ್ಕೊಂದು, ಮೇಲೆ ಮುಚ್ಚಳ. ಬಟ್ಟೆ ಕಪ್ಪು, ಇಲ್ಲವೇ ಕಡುನೀಲಿ. ಇದೇನು ಶೋಕಿಯಲ್ಲ. ಮೀಸೆ ಮೂಡುವ ವಯಸ್ಸಿನಲ್ಲಿ ಉಬ್ಬಿದ ನನ್ನ ಎದೆ ಮತ್ತೆ ಇಳಿಯಲೇ ಇಲ್ಲ. ದರ್ಜಿಯಾಗಿದ್ದಕ್ಕೆ ಮುಚ್ಚಿಕೊಳ್ಳುವ ವಿದ್ಯೆ ಕೈಯಲ್ಲೇ ಇತ್ತು, ಅಷ್ಟೆ. ಸುಡುಬೇಸಗೆಯಲ್ಲೂ ಒಂದರ ಮೇಲೊಂದು ಬನಿಯನ್ ಹಾಕುತ್ತಿದ್ದುದರಿಂದ ಅಂಗಡಿಯಲ್ಲಿ ನನಗೆ ‘ಡಬಲ್ ಬನಿಯನ್’ ಎಂದೇ ಹೆಸರು. ಇಟ್ಟವನು ಕಾಜಾದವನು. ಅಂಗಿಗೆ ಗುಂಡಿಯ ತೂತು ಹೊಲಿಯುವುದು ಅವನ ಕೆಲಸ, ಕಂಡವರ ಕಾಲೆಳೆಯುವುದು ಅವನ ಚಟ.

ನಮ್ಮ ಕಟಿಂಗ್ ಮಾಸ್ಟರಿಗೆ ಕಣ್ಣು ಮಂಜಾಯಿತು. ಇನ್ನು ಕತ್ತರಿ ಕೆಳಗಿಡುತ್ತೇನೆ ಎಂದರು. ಅವರ ಮೇಜಿನ ಮೇಲೆ ಕಣ್ಣಿಟ್ಟು ವರ್ಷಗಟ್ಟಲೆ ಮೆಷಿನ್ ತುಳಿದವನು ನಾನು. ಆದರೆ ನಮ್ಮ ಅಂಗಡಿಯಲ್ಲೊಂದು ಪದ್ಧತಿ ಇದೆ. ಮೇಜಿಗೆ ಬರುವವನು ಒಂದೇ ಬನಿಯನ್ನಿನಲ್ಲಿ ಎಲ್ಲರ ನಡುವೆ ನಿಲ್ಲಬೇಕು. ಹಳೆಯ ಮಾಸ್ಟರು ಅವನ ಅಳತೆ ತೆಗೆದು ಗಟ್ಟಿಯಾಗಿ ಕೂಗಬೇಕು. ಕೂಗಿದ ಅಳತೆಗೆ ಸರಿಯಾಗಿ ಅವನು ತನ್ನ ಅಂಗಿ ಕತ್ತರಿಸಿ, ಹೊಲಿದು, ತೊಟ್ಟು ತೋರಿಸಬೇಕು. ಸುಕ್ಕು ಬಿದ್ದರೆ ವಾಪಸ್ ಮೆಷಿನ್ನಿಗೆ.

ನಾನೇನು ಮಾಡಿದೆ ಗೊತ್ತೇ? ಕಾಲರಿನೊಳಗೆ ಇಡುತ್ತಾರಲ್ಲ, ರಟ್ಟಿನಂಥ ಬಕ್ರಮ್ ಬಟ್ಟೆ, ಅದನ್ನು ಪಟ್ಟಿ ಮಾಡಿ, ಹುಕ್ಕು ಹಾಕಿ ಎದೆಗೆ ಬಿಗಿದುಕೊಂಡೆ. ಗಿರಾಕಿಗೆ ಅಂಗಿ ಬಿಗಿಯಾದರೆ ಹೊಲಿಗೆ ಬಿಚ್ಚಿ ಸಡಿಲ ಮಾಡುವವನು, ನನ್ನ ಮೈಯನ್ನೇ ಅಂಗಿಗೆ ತಕ್ಕಂತೆ ಬಗ್ಗಿಸಲು ಹೊರಟಿದ್ದೆ. ವಾರದೊಳಗೆ ಕಂಕುಳ ಕೆಳಗೆ ಚರ್ಮ ಕಿತ್ತುಬಂತು. ಬನಿಯನ್ ಒಗೆಯುವಾಗ ನನ್ನವಳು ರಕ್ತದ ಕಲೆ ನೋಡಿದಳು.

“ಏನ್ರೀ ಇದು? ಯಾರ ಮೇಲೆ ಸಿಟ್ಟು?”

“ನನ್ನ ಮೇಲೇ.”

“ಹಾಗಾದ್ರೆ ನಡೀರಿ, ಡಾಕ್ಟರ್ ಹತ್ರ ಬೈಸ್ಕೊಂಡು ಬರೋಣ. ನಾನು ಬೈದ್ರೆ ನಿಮಗೆ ನಾಟಲ್ಲ.”

ಡಾಕ್ಟರಮ್ಮ ಬೈಯಲಿಲ್ಲ. ಎದೆ, ಕಂಕುಳು ಎಲ್ಲ ಒತ್ತಿ ನೋಡಿದರು. ಯಾವ ಮಾತ್ರೆ ತಿನ್ನುತ್ತೀರಿ, ಕುಡಿಯುತ್ತೀರಾ, ಮೈ ಬೆಳೆಸುವ ಪುಡಿಗಿಡಿ ಏನಾದರೂ ಉಂಟೇ ಎಂದು ಕೇಳಿ, ರಕ್ತ ಪರೀಕ್ಷೆಗೆ ಕಳಿಸಿದರು. ಎರಡನೇ ಸಲ ಹೋದಾಗ ಬಿಡಿಸಿ ಹೇಳಿದರು.

“ಗಂಡಸರ ಮೈಯಲ್ಲೂ ಹೆಣ್ಣಿನ ಹಾರ್ಮೋನು ಸ್ವಲ್ಪ ಇರುತ್ತೆ. ಅದು ಹೆಚ್ಚುಕಮ್ಮಿ ಆದಾಗ ಎದೆ ಗ್ರಂಥಿ ಬೆಳೆಯುತ್ತೆ. ಹುಡುಗರಲ್ಲಿ ಎಷ್ಟೋ ಜನಕ್ಕೆ ಬಂದು ತಾನಾಗೇ ಹೋಗುತ್ತೆ. ನಿಮಗೆ ಉಳ್ಕೊಂಡಿದೆ. ರಕ್ತ ಎಲ್ಲ ಸರಿಯಾಗಿದೆ, ಗಾಬರಿ ಬೇಡ.”

“ದಂಡ ಹೊಡೆದ್ರೆ ಕರಗುತ್ತಾ?”

“ಅದರಿಂದ ಗ್ರಂಥಿ ಕರಗಲ್ಲ. ಇಷ್ಟು ಹಳೇದಕ್ಕೆ ಮಾತ್ರೆನೂ ಅಷ್ಟಾಗಿ ಕೆಲಸ ಮಾಡಲ್ಲ. ಬೇಕಿದ್ರೆ ಆಪರೇಷನ್ ಇದೆ. ಬೇಡ ಅಂದ್ರೆ ಹೀಗೇ ಇರಿ, ಅದೂ ಸರಿನೇ. ಗಟ್ಟಿ ಗಂಟು ಕೈಗೆ ಸಿಕ್ಕಿದ್ರೆ, ತೊಟ್ಟಲ್ಲಿ ನೀರು, ರಕ್ತ ಬಂದ್ರೆ ಮಾತ್ರ ತಡ ಮಾಡದೆ ಬನ್ನಿ. ಆ ಪಟ್ಟಿ ಮೊದಲು ಬಿಸಾಕಿ.”

ದಾರಿಯುದ್ದಕ್ಕೂ ನನಗೆ ಸಿಟ್ಟು ನೆತ್ತಿಗೇರಿತ್ತು. ಇಷ್ಟೇ ವಿಷಯ. ಇಷ್ಟಕ್ಕಾಗಿ ಅರ್ಧ ಆಯಸ್ಸು ಗೂನುಬೆನ್ನು ಮಾಡಿಕೊಂಡು ನಡೆದಿದ್ದೆ. ಆಪರೇಷನ್ ಮಾಡಿಸಿಕೊಂಡರೂ ನನಗೆ ಬೇಕು ಅನ್ನಿಸಿದಾಗ ಮಾಡಿಸಿಕೊಳ್ಳುತ್ತೇನೆ, ಕಾಜಾದವನ ಬಾಯಿಗೆ ಹೆದರಿ ಅಲ್ಲ ಎಂದೆ. “ಈಗ ನೀವು ಮನುಷ್ಯರ ಥರ ಮಾತಾಡಿದ್ರಿ” ಎಂದಳು ನನ್ನವಳು.

ಅಳತೆಯ ದಿನ ಬಂತು. ಬಕ್ರಮ್ ಇಲ್ಲದೆ, ತೆಳು ಬನಿಯನ್ ಒಂದರಲ್ಲೇ ಅಂಗಡಿಯ ನಡುವೆ ನಿಂತೆ. ಮೆಷಿನ್‌ಗಳು ಒಂದೊಂದಾಗಿ ನಿಂತವು. ಕಾಜಾದವನು ಸೂಜಿ ಕೆಳಗಿಟ್ಟು ನೆಟ್ಟಗೆ ಕೂತ.

“ಇವನ ಅಳತೆ ಲೇಡೀಸ್ ಟೈಲರ್‌ಗೆ ಕಳಿಸೋಣ್ವಾ ಹೆಂಗೆ?”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ಟರು ಎದೆಗೆ ಟೇಪು ಸುತ್ತಿ, ನನ್ನ ಕಿವಿಯ ಹತ್ತಿರ ಬಂದು, “ಮೂವತ್ತೆಂಟು ಅಂತ ಕೂಗ್ತೀನಿ, ಸುಮ್ನಿರಪ್ಪ” ಎಂದರು.

ಕಾಜಾದವನ ಗೇಲಿಗಿಂತ ಆ ಮಾತು ಹೆಚ್ಚು ಉರಿಸಿತು. ಅವನಿಗಾದರೆ ತಿರುಗಿ ಬೈಯಬಹುದು. ಇವರು ನನ್ನನ್ನು ಕಾಪಾಡಲು ನೋಡುತ್ತಿದ್ದರು. ಮೂವತ್ತೆಂಟಕ್ಕೆ ಕತ್ತರಿಸಿದರೆ ಗುಂಡಿಗಳ ನಡುವೆ ಅಂಗಿ ಬಾಯಿ ಬಿಡುವುದು ಖಂಡಿತ, ಮೇಜೂ ಹೋಯಿತು, ಮಾನವೂ ಹೋಯಿತು.

“ಟೇಪ್ ಸರಿಯಾಗಿ ಹಿಡೀರಿ ಮಾಸ್ಟ್ರೇ. ನಾನೇ ಕೂಗ್ತೀನಿ” ಎಂದೆ. ಕತ್ತು ಬಗ್ಗಿಸಿ ಓದಿದೆ. “ಎದೆ, ನಲವತ್ತೆರಡು.”

ನಾನು ಕಾಜಾದವನ ಕಡೆ ತಿರುಗಿದೆ.

“ಗಂಡಸ್ರಿಗೂ ಬರುತ್ತೆ ಕಣಯ್ಯ ಇದು. ಎಷ್ಟೋ ಜನಕ್ಕೆ ಬರುತ್ತೆ. ನಾಳೆ ನಿನಗೆ ಬಂದ್ರೆ ಮೊದಲು ಡಾಕ್ಟರ್ ಹತ್ರ ಹೋಗು, ಆಮೇಲೆ ನನ್ನ ಹತ್ರ ಬಾ. ಅಂಗಿ ಚೆನ್ನಾಗಿ ಕತ್ತರಿಸಿಕೊಡ್ತೀನಿ.”

ಅವನು ಸೂಜಿಗೆ ದಾರ ಪೋಣಿಸತೊಡಗಿದ. ಆಗಲೇ ದಾರವಿದ್ದ ಸೂಜಿ ಅದು.

ಬಿಳಿ ಬಟ್ಟೆ ತೆಗೆದುಕೊಂಡೆ. ಮುಂಭಾಗಕ್ಕೆ ಬೇಕಾದಷ್ಟು ಹೆಚ್ಚು ಬಿಟ್ಟು, ಆ ಹೆಚ್ಚುವರಿಯನ್ನು ಭುಜದ ಹೊಲಿಗೆಯಲ್ಲಿ ಅಡಗಿಸಿದೆ. ಗುಂಡಿಯ ತೂತು ಕಾಜಾದವನೇ ಹಾಕಿದ, ಒಂದೂ ಸೊಟ್ಟಗಿರಲಿಲ್ಲ. ತೊಟ್ಟು ನಿಂತಾಗ, ಕಣ್ಣು ಸಾಲದ ಮಾಸ್ಟರು ಅಂಗೈಯಿಂದ ನನ್ನ ಬೆನ್ನು, ಭುಜ, ಎದೆ ಎಲ್ಲ ಸವರಿ ನೋಡಿದರು. ಜೀವಮಾನವೆಲ್ಲ ಯಾರಿಗೂ ಮುಟ್ಟಲು ಬಿಡದ ಎದೆ. ನಾನು ಬೆನ್ನು ಬಗ್ಗಿಸಲಿಲ್ಲ.

“ಎಲ್ಲೂ ಸುಕ್ಕಿಲ್ಲ” ಎಂದು ಕತ್ತರಿ ಮುಂದೆ ಚಾಚಿದರು. ಆಮೇಲೆ ಅವರ ಕೈ ಮತ್ತೆ ಎದೆಯ ಮೇಲೆ ಏನನ್ನೋ ಹುಡುಕಿತು. “ಜೇಬು ಇಡ್ಲಿಲ್ವೇನಪ್ಪ?”

“ಮುಚ್ಚೋಕೆ ಏನೂ ಇಲ್ಲ ಮಾಸ್ಟ್ರೇ” ಎಂದು ಕತ್ತರಿ ಇಸಿದುಕೊಂಡೆ.