ಬ್ರೈಡಿಯ ಹೋರಿಗೆ ನಲವತ್ತು ಬಕೆಟ್

ಕ್ವೀನ್ಸ್‌ಲ್ಯಾಂಡಿನ ಒಳನಾಡಲ್ಲಿ, ಚಳಿಗಾಲ ಬಂತೆಂದರೆ ಹುಲ್ಲೆಲ್ಲ ಒಣಗಿ ಕಾಗದವಾಗುವ ಕಡೆ, ದನ ಸಾಕುವ ಒಬ್ಬ ಅಪ್ಪನಿಗೆ ಇಬ್ಬರು ಹೆಣ್ಣುಮಕ್ಕಳಿದ್ದರಂತೆ. ದೊಡ್ಡವಳು ಬ್ರೈಡಿ, ಜಾಣೆ. ಚಿಕ್ಕವಳು ಒಳ್ಳೆಯವಳು ಅನ್ನುವುದು ಅಜ್ಜಿಯ ಕತೆಗಳಲ್ಲಿ. ಇಲ್ಲಿ ಚಿಕ್ಕವಳು ನಾನು, ಟೀಗನ್.

ಅಪ್ಪ ಒಂದೇ ಹಿಂಡಿನಿಂದ ನಮಗೆ ಒಂದೊಂದು ಹೋರಿ ಕೊಟ್ಟ. "ನೂರು ದಿನ ಮೇಯಿಸಿ. ಕಸಾಯಿಖಾನೆಯ ಕೊಕ್ಕೆಗೆ ಬಿದ್ದಾಗ ಯಾರ ಹೋರಿಯ ಮಾಂಸ ಚೆನ್ನಾಗಿರುತ್ತೋ, ತೊರೆಯಂಚಿನ ಹುಲ್ಲುಗಾವಲು ಅವಳದು."

ಆ ಹುಲ್ಲುಗಾವಲನ್ನು ನಾನು ಕನಸಲ್ಲೂ ಬೇಲಿ ಹಾಕಿ ನೋಡಿದ್ದೆ.

ಅರ್ಧದಲ್ಲೇ ಅಕ್ಕ ಹೆರಿಗೆಗೆ ಪಟ್ಟಣಕ್ಕೆ ಹೋಗಬೇಕಾಯಿತು. "ದಿನಾ ಸಂಜೆ ಒಂದು ಬಕೆಟ್ ಕಣೇ. ಜೋಳದ ನುಚ್ಚು, ಹತ್ತಿಕಾಳಿನ ಹಿಂಡಿ, ಮೇಲೆ ಕಾಕಂಬಿ. ಹಾಕ್ತೀಯಲ್ಲಾ?"

"ಹಾಕ್ತೀನಿ, ಹೋಗು."

ಅಪ್ಪ ಪಕ್ಕದಲ್ಲೇ ನಿಂತು, "ಬ್ರೈಡಿ ಕಣ್ಣಿಟ್ಟ ದನ ಕೆಟ್ಟಿದ್ದೇ ಇಲ್ಲ" ಅಂದ. ನನ್ನ ಹೋರಿಯ ಮಾತನ್ನೇ ಎತ್ತಲಿಲ್ಲ. ಮೊದಲ ಸಂಜೆ ಅಕ್ಕನ ಬಕೆಟ್ ಎತ್ತಿದೆ. ಕೈ ತಾನಾಗಿಯೇ ನನ್ನ ಹೋರಿಯ ತೊಟ್ಟಿಯತ್ತ ಹೊರಳಿತು. ನಲವತ್ತು ದಿನ ಹಾಗೇ ಹೊರಳಿತು. ಅಕ್ಕನದು ಒಣಹುಲ್ಲು ಕಡಿಯುತ್ತಾ ಸೊರಗಿತು. ನನ್ನದು ಬೀಗಿತು, ನಾನೂ ಬೀಗಿದೆ.

ಹಳೇ ಕಟುಕ ಕ್ಲಾರಿ ಮಾಮ ಬಂದು ನನ್ನ ಹೋರಿಯ ಬಾಲದ ಬುಡ ಒತ್ತಿ ನೋಡಿ ನಕ್ಕ. "ಇದೇನು ಹುಡುಗಿ, ಹೋರಿಗೆ ಕಂಬಳಿ ಹೊದಿಸಿದ್ದೀಯಾ? ಮೂರು ಬೆರಳು ಕೊಬ್ಬು! ಕೊಯ್ದು ಬಿಸಾಡೋಕೇ ಒಬ್ಬ ಆಳು ಬೇಕು."

"ಅಕ್ಕನದಕ್ಕಿಂತ ವಾಸಿ ತಾನೇ?"

"ಅದಾ? ಕೊಬ್ಬೇ ಇಲ್ಲ, ಇರೋದೂ ಅರಿಶಿನ ಬಣ್ಣ. ಮಾಂಸ ಕಪ್ಪಾಗುತ್ತೆ. ಬರೀ ಒಣಹುಲ್ಲು ತಿಂದಿದೆ." ಅವನು ನನ್ನ ಮುಖ ನೋಡಿದ. ನಾನು ಬಕೆಟ್ ನೋಡಿದೆ.

ಆ ಸಂಜೆ ಅಕ್ಕನ ಫೋನ್. "ಮಗಳು ಹುಟ್ಟಿದಳು ಕಣೇ! ಹೋರಿ ಹೇಗಿದೆ? ನೀನಿದ್ದೀಯಲ್ಲ, ನಂಗೇನು ಚಿಂತೆ."

ಅವಳು ಬೈದಿದ್ದರೆ ಸುಳ್ಳು ಸಲೀಸಾಗಿ ಬರುತ್ತಿತ್ತು. "ಹಾಕಿಲ್ಲ ಅಕ್ಕಾ. ನಿನ್ನದನ್ನೂ ನನ್ನದಕ್ಕೇ ಹಾಕಿದೆ."

ಆ ಕಡೆ ಕೂಸು ಅತ್ತಿತು. ಅದನ್ನು ತಟ್ಟುತ್ತಲೇ ಅಕ್ಕ ಕೇಳಿದಳು:

"ಎಷ್ಟು ದಿನ?"

"ನಲವತ್ತು."

"ಹಾಗಾದ್ರೆ ನಂಗೆ ನಲವತ್ತು ಬಕೆಟ್ ಬಾಕಿ. ಹಾಕು."

ಅಪ್ಪನಿಗೂ ಹೇಳಿದೆ. ಅವನು ಬೈಯಲಿಲ್ಲ, ನನ್ನ ಹೋರಿಯನ್ನು ನೂರನೇ ದಿನಕ್ಕೇ ಲಾರಿ ಹತ್ತಿಸಿದ, ಅಕ್ಕನದನ್ನು ಆ ನಲವತ್ತು ಬಕೆಟ್ ಮುಗಿಯಲಿ ಅಂತ ಉಳಿಸಿದ. ಕಸಾಯಿಖಾನೆಯಿಂದ ಚೀಟಿ ಬಂತು: ಕೊಬ್ಬು ಅತಿ, ಕೊನೇ ದರ್ಜೆ. ಇನ್ನು ಅಕ್ಕನ ಹೋರಿ ಸುಮಾರಾಗಿದ್ದರೂ ಸಾಕು, ಹುಲ್ಲುಗಾವಲು ಅವಳದು. ಅದನ್ನು ಸುಮಾರು ಮಾಡಬೇಕಾದವಳು ನಾನು.

ದಿನಾ ಹೊತ್ತೆ. ದಿನಾ ಹೊಟ್ಟೆ ಉರಿಯಿತು. ಪಕ್ಕೆಲುಬು ಮುಚ್ಚಿಕೊಂಡವು, ಬೆನ್ನು ದುಂಡಗಾಯಿತು, ಕೂದಲಿಗೆ ಹೊಳಪು ಬಂತು. ಕ್ಲಾರಿ ಮಾಮ ಒತ್ತಿ ನೋಡಿ, "ಒಂದೇ ಬೆರಳು, ಗಟ್ಟಿ. ಇಷ್ಟೇ ಇರಬೇಕು" ಅಂದಾಗ ಅವನ ಕೈ ಹಿಡಿದು ಕಚ್ಚಬೇಕು ಅನ್ನಿಸಿತು.

ನಲವತ್ತನೇ ಸಂಜೆ ಬೇಲಿಯಾಚೆ ಲಾರಿ ಕಾಯುತ್ತಿತ್ತು. ತೊರೆಯ ಕಡೆ ಹುಲ್ಲು ಅಷ್ಟಷ್ಟೇ ಹಸಿರಿತ್ತು, ಬ್ರೈಡಿಯ ಹಸಿರು. ನುಚ್ಚು ತುಂಬಿದೆ. ಒಂದು ಹಿಡಿ ಕಡಿಮೆ ಮಾಡಲಾ ಅಂತ ಕೈ ತಡೆಯಿತು. ಅಂಗೈಯಿಂದ ಬಕೆಟ್‌ನ ಬಾಯಿ ಸಮ ಮಾಡಿ, ಕಾಕಂಬಿ ಸುರಿದು, ಪೂರ್ತಿ ತೊಟ್ಟಿಗೆ ಬಗ್ಗಿಸಿದೆ.