ಒಲೆ ದೊಡ್ಡದು ಮಾಡು

ಚಂಪಕ್ಕನವರು ಹೋದ ಸುದ್ದಿ ಬಂದದ್ದು ಈ ಮಂಗಳವಾರ ಬೆಳಿಗ್ಗೆ. ನಾನು ಮೈಸೂರಿನಲ್ಲಿ, ಪುಟ್ಟತಾಯಿಯ ಅಡುಗೆಮನೆಯ ಅಟ್ಟದ ಮೇಲೆ ಗೋಣಿಚೀಲದೊಳಗೆ ಇದ್ದೆ. ಕೆಳಗೆ ಫೋನು ಬಡಿದುಕೊಂಡಿತು. "ಹಲೋ" ಎಂದಳು ಪುಟ್ಟತಾಯಿ. ಆಮೇಲೆ ಸಣ್ಣ ದನಿಯಲ್ಲಿ "ಯಾವಾಗ?" ಎಂದಳು. "ನೋವು ತಿಂದ್ರಾ?" ಎಂದಳು. ಕೊನೆಗೆ, "ಅವರ ಬಲಗೈ ಯಾರಾದ್ರೂ ಹಿಡ್ಕೊಂಡಿದ್ರಾ?" ಎಂದು ಕೇಳಿದಳು.

ಬಲಗೈ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಮೈ ತಣ್ಣಗಾಯಿತು. ಆ ಕೈಯನ್ನು ಸುಟ್ಟದ್ದು ನಾನು.

ನಾನು ಒಂದು ಹಿತ್ತಾಳೆಯ ಪಂಪ್ ಸ್ಟೋವ್. ಮೂರು ಕಾಲು, ಒಂದು ದುಂಡು ಹೊಟ್ಟೆ, ಹೊಟ್ಟೆಯ ಪಕ್ಕದಲ್ಲಿ ಗಾಳಿ ಹೊಡೆಯುವ ಕೊಳವೆ, ಎಣ್ಣೆ ಹಾಕುವ ಬಾಯಿಯ ಮೇಲೆ ಗಾಳಿ ಬಿಡುವ ಒಂದು ಪುಟ್ಟ ತಿರುಪು. ಇಷ್ಟೇ ನನ್ನ ದೇಹ. ಹುಟ್ಟಿದ ದಿನವೇ ನನಗೆ ಭಯದ ಪರಿಚಯವಾಯಿತು. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಗುಳ್ಳೆ ಎದ್ದರೆ ಎಲ್ಲೋ ಸೋರುತ್ತದೆ ಎಂದು ಅರ್ಥ. ಹಾಗೆ ಗುಳ್ಳೆ ಬಿಟ್ಟ ನನ್ನ ಜೊತೆಯವನ್ನು ಮತ್ತೆ ಕರಗಿಸುವ ರಾಶಿಗೆ ಎಸೆದರು. ನಾನು ಉಸಿರು ಬಿಗಿಹಿಡಿದುಕೊಂಡು ಪಾರಾದೆ. ಅಂದು ಹಿಡಿದ ಉಸಿರನ್ನು ಇಂದಿಗೂ ಪೂರ್ತಿಯಾಗಿ ಬಿಟ್ಟಿದ್ದೇನೆ ಎಂದು ನನಗೆ ಅನ್ನಿಸುವುದಿಲ್ಲ.

ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕೆಲವು ಕಾಲ ಇದ್ದೆ. ನನ್ನನ್ನು ಕಟ್ಟಿಕೊಡಲು ಅಂಗಡಿಯವರು ಹಳೆಯ ಪತ್ರಿಕೆಯ ಹಾಳೆ ತೆಗೆದರು. ಅದರಲ್ಲಿದ್ದ ಸುದ್ದಿಯೊಂದನ್ನು ಗಟ್ಟಿಯಾಗಿ ಓದಿದರು. "ಸ್ಟೋವ್ ಸಿಡಿದು ಸೊಸೆ ಸಾವು."

ಪಕ್ಕದಲ್ಲಿ ನಿಂತಿದ್ದ ಮುದುಕರೊಬ್ಬರು ಹೇಳಿದರು: "ಅತ್ತೀ ಕೈಗೆ ಎಂದೂ ಸಿಡಿಯಂಗಿಲ್ಲ ನೋಡ್ರಿ ಇದು. ಸೊಸೀ ಕೈಗಷ್ಟ ಸಿಡೀತದ."

ನನ್ನ ಜಾತಿಗೆ ಇಂಥ ಹೆಸರು ಇದೆ ಎಂದು ನನಗೆ ಗೊತ್ತಾದದ್ದು ಆಗಲೇ. ಅದೇ ಹಾಳೆಯಲ್ಲಿ ಸುತ್ತಿ ನನ್ನನ್ನು ಕೊಂಡವರ ಕೈಗೆ ಕೊಟ್ಟರು. ಅವರೇ ಚಂಪಕ್ಕ.

ಆಗ ಅವರಿಗೆ ಮೂವತ್ತೆರಡು ವರ್ಷ. ಗಂಡನನ್ನು ಕಳೆದುಕೊಂಡಿದ್ದರು. ಗದಗಿನ ಒಂದು ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಮಕ್ಕಳು ಅವರನ್ನು ಅಕ್ಕೋರು ಎನ್ನುತ್ತಿದ್ದರು. ಒಂದು ಚಾಳಿನ, ಅಂದರೆ ಬಾಡಿಗೆಯ ಸಾಲುಮನೆಯ, ಮಹಡಿಯಲ್ಲಿ ಒಂದು ಖೋಲಿ ಹಿಡಿದರು. ಅಲ್ಲಿಯ ಜನ ಕೋಣೆಗೆ ಖೋಲಿ ಎನ್ನುತ್ತಾರೆ. ಒಂದು ಹಾಸಿಗೆ, ಒಂದು ಕೊಡ, ಒಂದು ಬೀಗ, ವೆಂಕಟೇಶನ ಪಟ, ನಾನು. ಇವಿಷ್ಟೇ ಆ ಮನೆಗೆ ಬಂದ ಸಾಮಾನು. ಮೊದಲ ಸಂಜೆ ಬೆಂಕಿಕಡ್ಡಿ ಗೀರಿ ಅವರು ಕಣ್ಣು ಮುಚ್ಚಿದರು.

"ಅಗ್ನಿದೇವಾ, ನಾ ಒಬ್ಬಾಕಿ ಇದೀನಿ. ನೀ ಸಂಭಾಳಿಸು," ಎಂದರು.

ಅನ್ನವಾಯಿತು. ಅವರು ನನ್ನ ತಿರುಪನ್ನು ಸಡಿಲಿಸಿದರು. ಗಾಳಿ ಸುಯ್ಯೆಂದು ಹೋಗಿ ಉರಿ ಇಳಿಯಿತು. ಆಗ ಅವರು, "ಒಲಿ ದೊಡ್ಡದು ಮಾಡಿದೆ, ಕೃಷ್ಣಾರ್ಪಣ," ಎಂದರು.

ನನಗೆ ಆಶ್ಚರ್ಯವಾಯಿತು. ಉರಿಯನ್ನು ಇಲ್ಲದಂತೆ ಮಾಡಿ ದೊಡ್ಡದು ಮಾಡಿದೆ ಎನ್ನುತ್ತಾರಲ್ಲ! ಬರುಬರುತ್ತಾ ತಿಳಿಯಿತು. ಅವರ ಮನೆತನದಲ್ಲಿ ದೀಪಕ್ಕಾಗಲಿ ಒಲೆಗಾಗಲಿ ಆರಿಸು, ನಂದಿಸು ಎಂಬ ಮಾತು ಆಡುವುದಿಲ್ಲ. ಅದು ಅಶುಭ. ದೀಪ ದೊಡ್ಡದು ಮಾಡು ಎನ್ನಬೇಕು. ಚಂಪಕ್ಕನವರಿಗೆ ಅದು ಬರೀ ರೂಢಿಯಾಗಿರಲಿಲ್ಲ. ಗಂಡ ಹೋದ ದಿನ ಬಾಗಿಲಲ್ಲಿ ಯಾರೋ "ಈ ಮನೀ ದೀಪ ಆರಿತು" ಎಂದಿದ್ದರಂತೆ. ಅಂದಿನಿಂದ ಆ ಶಬ್ದ ಕೇಳಿದರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಶಾಲೆಯಲ್ಲಿ ಪಾಠದೊಳಗೆ ಆ ಶಬ್ದ ಬಂದರೆ ಮಕ್ಕಳಿಂದಲೇ ಓದಿಸುತ್ತಿದ್ದರು.

ಹದಿನೆಂಟು ವರ್ಷ ಹೀಗೆ ಕಳೆಯಿತು. ಒಂದು ದಿನ ಪಕ್ಕದ ಖೋಲಿಗೆ ಒಬ್ಬ ಹುಡುಗಿ ಬಂದಳು. ಟಿ. ನರಸೀಪುರದ ಕಡೆಯವಳು. ಹೆಸರು ಪುಟ್ಟತಾಯಿ. ಇಪ್ಪತ್ತೆರಡು ವರ್ಷ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಅವಳ ವಂಶದಲ್ಲಿ ಹೆಣ್ಣೊಬ್ಬಳು ಒಂಟಿಯಾಗಿ ಮನೆ ಮಾಡಿದ್ದು ಅದೇ ಮೊದಲು. ಬಾಗಿಲಲ್ಲಿ ಟ್ರಂಕು ಇಟ್ಟುಕೊಂಡು ಒಳಗೆ ಕಾಲಿಡಲು ಹೆದರಿ ನಿಂತಿದ್ದಳು.

"ಖೋಲಿ ಛಂದ ಅದೇನು, ತಂಗಿ?" ಎಂದು ಚಂಪಕ್ಕ ಕೇಳಿದರು.

"ಕೋಳಿ ಇಲ್ಲ ಅಕ್ಕಾ. ನಾನೊಬ್ಬಳೇ ಬಂದಿರಾದು," ಎಂದಳು ಪುಟ್ಟತಾಯಿ.

ಚಂಪಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. "ಪುಣ್ಯಾ! ನಾ ಮಡಿಯಾಕಿ, ಮಗ್ಗಲ ಮನ್ಯಾಗ ಕೋಳಿ ಕಟ್ಟಿದ್ರ ನನ್ನ ಗತಿ ಏನಾಗ್ತಿತ್ತು?"

ಅಂದು ಇಬ್ಬರೂ ನಕ್ಕರು, ನಾನೂ ನಕ್ಕೆ. ಒಂದೇ ಕನ್ನಡ ಇಬ್ಬರ ಕಿವಿಯಲ್ಲಿ ಬೇರೆಯಾಗುತ್ತದೆ ಎಂಬುದು ಆಗ ನಮಗೆ ತಮಾಷೆಯಾಗಿ ಕಂಡಿತ್ತು.

ಒಬ್ಬಳೇ ಇರುವ ಮನೆಗೆ ಏನೇನು ಬೇಕು ಎಂದು ಚಂಪಕ್ಕ ಹೇಳಿಕೊಟ್ಟರು. "ಮೊದಲ ಒಳಗಿನ ಚಿಲಕ ನೋಡು. ಬೀಗ ಹೊರಗ ಹೋಗೋರಿಗೆ, ಚಿಲಕ ಒಳಗ ಇರೋರಿಗೆ. ಕರೆಂಟ್ ಹೋದ್ರ ಒಂದು ಬುಡ್ಡಿ. ಕುಡಿಯೋ ನೀರಿಗೆ ಮುಚ್ಚಳ ಇರೋ ಕೊಡ. ಮತ್ತ ಎರಡು ತಾಟು."

"ನಾನೊಬ್ಬಳೇ ತಾನೇ ಉಣ್ಣಾದು? ಎರಡು ತಟ್ಟೆ ಯಾತಕ್ಕೆ?"

"ಒಂದ ತಾಟಿದ್ರ ಅದು ಧರ್ಮಶಾಲಿ ಆಗ್ತದ. ಎರಡನೇ ತಾಟು ಬಂದ ಮ್ಯಾಲೆ ಅದು ಮನಿ."

ಸ್ಟೋವ್ ಮಾತ್ರ ಅವಳ ಬಳಿ ಇರಲಿಲ್ಲ. ಊರಿನಲ್ಲಿ ಸೌದೆ ಒಲೆಯ ಮುಂದೆ ಬೆಳೆದವಳು. ನನ್ನನ್ನು ನೋಡಿದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಆಸ್ಪತ್ರೆಗೆ ಸುಟ್ಟುಕೊಂಡು ಬರುವ ಹೆಂಗಸರನ್ನು ಅವಳು ನೋಡಿದ್ದಳು. "ನಿನ್ನದು ಬರೋತನಕಾ ನಂದು ನಿನ್ನ ಖೋಲ್ಯಾಗ ಇರ್ಲಿ. ಇಬ್ಬರ ಅಡಿಗೀನೂ ಅಲ್ಲೇ ಆಗ್ಲಿ. ಭಯ ಹೋಗ್ತದ," ಎಂದು ಚಂಪಕ್ಕ ನನ್ನನ್ನು ಅವಳ ಮನೆಗೆ ತಂದಿಟ್ಟರು.

ಅವಳ ಭಯ ಬೆಂಕಿಯದೊಂದೇ ಅಲ್ಲ. ಅವಳ ಅಣ್ಣ ಮಾದೇವಪ್ಪ ಕಳಿಸುವಾಗಲೇ ಷರತ್ತು ಹಾಕಿದ್ದ. ಏನಾದರೂ ಒಂದು ಆಯಿತೋ, ಅದೇ ದಿನ ಕೆಲಸ ಬಿಟ್ಟು ಅವನ ಹಿಂದೆ ಊರಿಗೆ ನಡೆಯಬೇಕು. ಅಲ್ಲಿ ಒಂದು ಸಂಬಂಧ ಕಾದಿತ್ತು. ಆ ಕೆಲಸ ಅವಳು ಸೀಮೆಎಣ್ಣೆ ಬುಡ್ಡಿಯ ಮುಂದೆ ಓದಿ ಪಡೆದದ್ದು. ಆದ್ದರಿಂದ ಒಂದು ಲೋಟ ಕೈಜಾರಿ ಬಿದ್ದರೂ ಅವಳ ಎದೆ ಹಾರುತ್ತಿತ್ತು.

ಎಂಟು ದಿನ ಚಂಪಕ್ಕನವರೇ ನನ್ನನ್ನು ಹೊತ್ತಿಸಿದರು. ಒಂಬತ್ತನೆಯ ದಿನ ಸಂಜೆ ಪುಟ್ಟತಾಯಿ, "ಇವತ್ತು ನಾನೇ ಹಚ್ತೀನಿ ಅಕ್ಕಾ," ಎಂದಳು. ಚಂಪಕ್ಕ ಹೊರಗೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕುಳಿತರು. ಅಕ್ಕಿಯನ್ನು ಆರಿಸುವುದಕ್ಕೂ ಅವರು ಹಸನು ಮಾಡುವುದು ಎಂದೇ ಹೇಳುತ್ತಿದ್ದರು.

ನನ್ನ ತಲೆ ಚೆನ್ನಾಗಿ ಕಾದ ಮೇಲೆ ಗಾಳಿ ಹೊಡೆಯಬೇಕು. ಕಾಯದಿದ್ದರೆ ಎಣ್ಣೆ ಆವಿಯಾಗದೆ ಹಸಿಯಾಗಿಯೇ ಚಿಮ್ಮುತ್ತದೆ. ಹುಡುಗಿ ಅವಸರ ಮಾಡಿದಳು. ನೀಲಿ ಉರಿ ಬರಬೇಕಾದಲ್ಲಿ ಹಳದಿ ಉರಿ ಮೊಳದುದ್ದ ಎದ್ದಿತು. ನನ್ನನ್ನು ನಾನು ತಡೆಯಲು ಬಯಸಿದೆ. ಆದರೆ ನನಗೆ ಕೈಯಿಲ್ಲ. ಗೋಡೆಯ ಮೇಲಿನ ಬೆಳಕು ಕಂಡು ಹೊರಗಿನಿಂದ ಚಂಪಕ್ಕ ಕೂಗಿದರು:

"ತಂಗೀ! ಒಲಿ ದೊಡ್ಡದು ಮಾಡು!"

"ಏನಕ್ಕಾ?"

"ದೊಡ್ಡದು ಮಾಡಂದ್ನಲ್ಲ! ಲಗೂನ ದೊಡ್ಡದು ಮಾಡು!"

ಪುಟ್ಟತಾಯಿ ಹಿರಿಯರ ಮಾತಿಗೆ ಎದುರಾಡುವವಳಲ್ಲ. ಹಲ್ಲು ಕಚ್ಚಿ, ಮುಖ ಆಚೆ ತಿರುಗಿಸಿ, ಪಂಪು ಒತ್ತತೊಡಗಿದಳು. ಒಂದು, ಎರಡು, ಮೂರು. ಪ್ರತಿ ಒತ್ತಿಗೂ ನನ್ನ ಹೊಟ್ಟೆ ಬಿಗಿಯಿತು. ಹುಬ್ಬಳ್ಳಿಯ ಆ ಹಾಳೆಯ ಸುದ್ದಿ ನನಗೆ ನೆನಪಾಯಿತು. ಭಗವಂತಾ, ಇವಳು ನನ್ನಿಂದ ಸಾಯದಿರಲಿ ಎಂದು ಬೇಡಿದೆ. ಉರಿ ಮೇಲಿನ ಹಗ್ಗಕ್ಕೆ ತಾಗಿತು. ಅಲ್ಲಿ ಒಣಹಾಕಿದ್ದ ಅವಳ ಬಿಳಿ ಸೀರೆಯ ಅಂಚು ಹೊತ್ತಿತು.

ಚಂಪಕ್ಕ ಓಡಿಬಂದರು. ಮೊರ ಎಲ್ಲೋ ಬಿತ್ತು. ಎಡಗೈಯಿಂದ ಹುಡುಗಿಯನ್ನು ಹಿಂದಕ್ಕೆ ತಳ್ಳಿ, ಬಲಗೈಯನ್ನು ಉರಿಯೊಳಗೇ ಹಾಕಿ ನನ್ನ ತಿರುಪನ್ನು ತಡಕಿದರು. ತಿರುಪು ಕೆಂಡದಂತಿತ್ತು. ಅವರು ಬಿಡಲಿಲ್ಲ. ಒಂದು ಸುತ್ತು, ಇನ್ನೊಂದು ಸುತ್ತು. ಗಾಳಿ ಸುಯ್ಯೆಂದಿತು. ಉರಿ ಬಿದ್ದುಹೋಯಿತು. ಕೊಡದ ನೀರು ಸೀರೆಯ ಮೇಲೆ ಬಿತ್ತು.

ಪುಟ್ಟತಾಯಿ ಅಳುತ್ತ ಹೇಳಿದಳು: "ನೀವೇ ಅಂದ್ರಲ್ಲಕ್ಕಾ, ದೊಡ್ಡದು ಮಾಡು ಅಂತ!"

ಚಂಪಕ್ಕ ಅವಳ ಮುಖವನ್ನೇ ನೋಡಿದರು. "ಅಯ್ಯ ನನ್ನ ಕರ್ಮಾ... ದೊಡ್ಡದು ಮಾಡೂದು ಅಂದ್ರ..." ಎಂದರು. ಆ ಶಬ್ದ ಆಗಲೂ ಬಾಯಿಗೆ ಬರಲಿಲ್ಲ. ಸುಟ್ಟ ಕೈಯನ್ನು ಮೆಲ್ಲನೆ ಕೆಳಗೆ ಇಳಿಸಿ ತೋರಿಸಿದರು.

"ಆರ್ಸಾದಾ?" ಎಂದಳು ಹುಡುಗಿ.

ಅವರು ಕಣ್ಣು ಮುಚ್ಚಿ ತಲೆಯಾಡಿಸಿದರು.

ಮೂರನೆಯ ದಿನ ಮಾದೇವಪ್ಪ ಬಂದ. ತಂಗಿಯ ಸೀರೆಯ ಕರಿ, ಗೋಡೆಯ ಮಸಿ, ಚಂಪಕ್ಕನವರ ಕೈಗೆ ಕಟ್ಟಿದ ಬಟ್ಟೆ, ಎಲ್ಲವನ್ನೂ ನೋಡಿದ. ಪುಟ್ಟತಾಯಿ ಬಾಗಿಲ ಹಿಂದೆ ನಿಂತು ಸೆರಗಿನ ತುದಿ ತಿರುಚುತ್ತಿದ್ದಳು. ಟ್ರಂಕಿನ ಕಡೆಗೆ ಅವಳ ಕಣ್ಣು ಹೋಗಿ ಹೋಗಿ ಬರುತ್ತಿತ್ತು.

"ಇದು ಯಾರಿಂದ ಆಯ್ತು ಅಮ್ಮಾ?" ಎಂದು ಅವನು ಕೇಳಿದ.

ಚಂಪಕ್ಕ ಸುಳ್ಳಾಡಿದ್ದನ್ನು ಹದಿನೆಂಟು ವರ್ಷದಲ್ಲಿ ನಾನು ಕೇಳಿರಲಿಲ್ಲ. ಅಂದು ಆಡುತ್ತಾರೆ ಎಂದು ಹೆದರಿದೆ. ನಿಜ ಹೇಳುತ್ತಾರೆ ಎಂದು ಅದಕ್ಕಿಂತ ಹೆಚ್ಚು ಹೆದರಿದೆ. ಅವರು ನೆಟ್ಟಗೆ ಕುಳಿತು ಹೇಳಿದರು: "ನನ್ನ ನಾಲಿಗೀಲಿಂದ ಆತಪ್ಪಾ. ನಿನ್ನ ತಂಗೀದು ಎಳ್ಳಷ್ಟೂ ತಪ್ಪಿಲ್ಲ. ಆಕಿ ನಾ ಹೇಳಿದ್ಹಾಂಗ ಮಾಡಿದ್ಲು."

"ನಾಲಿಗೆಯಿಂದ ಬೆಂಕಿ ಹತ್ತಾದು ಎಲ್ಲಾರ ಉಂಟಾ?"

"ನಮ್ಮ ಕಡೆ ಹತ್ತತದ," ಎಂದರು ಚಂಪಕ್ಕ. "ಕೂಡು, ಊಟಾ ಮಾಡು. ಎರಡನೇ ತಾಟು ನಿನಗಂತ ಇಟ್ಟೀವಿ."

ಅವನಿಗೆ ಏನೂ ಅರ್ಥವಾಗಲಿಲ್ಲ. ಉಂಡು, ಚಿಲಕವನ್ನು ಎರಡು ಸಲ ಎಳೆದು ನೋಡಿ, "ಜ್ವಾಪಾನ ಕಣವ್ವ," ಎಂದು ಹೇಳಿ ಒಬ್ಬನೇ ಬಸ್ಸು ಹತ್ತಿದ. ಟ್ರಂಕು ಅಲ್ಲೇ ಉಳಿಯಿತು.

ಅಂದು ಸಂಜೆ ಪುಟ್ಟತಾಯಿ ನನ್ನನ್ನು ಮತ್ತೆ ಹೊತ್ತಿಸಿದಳು. ಅವಳು ಬೇಡವೆಂದರೂ ಚಂಪಕ್ಕ ಬಿಡಲಿಲ್ಲ. ಈ ಸಲ ಪಕ್ಕದಲ್ಲೇ ಕುಳಿತರು. ಅನ್ನವಾದ ಮೇಲೆ ಬಾಯಿ ಎರಡು ಸಲ ತೆರೆದು ಮುಚ್ಚಿದರು.

"ತಂಗೀ, ಒಲಿ... ಆರಸು," ಎಂದರು.

ಆಮೇಲೆ "ಶ್ರೀಹರಿ, ಶ್ರೀಹರಿ," ಎಂದು ಕೆನ್ನೆ ತಟ್ಟಿಕೊಂಡರು. ಬೆಂಕಿಯೊಳಗೆ ಕೈಹಾಕಿದ ದಿನವೂ ಅವರ ಮುಖದಲ್ಲಿ ಅಷ್ಟು ಭಯವನ್ನು ನಾನು ಕಂಡಿರಲಿಲ್ಲ. ಆ ಹುಡುಗಿಯೊಡನೆ ಇದ್ದ ಆರು ವರ್ಷವೂ ಅವರು ಅದೇ ಶಬ್ದ ಆಡಿದರು. ಆಡಿದಾಗಲೆಲ್ಲ ಹರಿಯನ್ನು ಕರೆದರು. ಬಲಗೈಯ ಎರಡು ಬೆರಳು ಮಡಿಚಿಕೊಂಡೇ ಉಳಿದವು. ರಂಗೋಲಿಯ ಎಳೆ ಹಿಡಿಯಲು ಬರುತ್ತಿರಲಿಲ್ಲ. ದೇವರಿಗೆ ಏರಿಸುವ ತುಳಸಿ ಒಮ್ಮೊಮ್ಮೆ ಬೆರಳ ಸಂದಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಪುಟ್ಟತಾಯಿಗೆ ವರ್ಗವಾದಾಗ ಅವರು ನನ್ನನ್ನು ತೊಳೆದು ಹೊಳೆಯಿಸಿ ಅವಳ ಕೈಗಿಟ್ಟರು. "ಇದು ನಿನ್ನ ಅಂಜಿಸೇದ. ಅದಕ್ಕ ನೀನು ಇದನ್ನ ಹುಷಾರಿಂದ ನೋಡ್ಕೋತೀ," ಎಂದರು. ಅಲ್ಲಿಂದ ನಾನು ನಾಲ್ಕು ಊರು ನೋಡಿದೆ. ಅವಳು ಮದುವೆಯಾಗಲಿಲ್ಲ. ಎಲ್ಲ ಊರಲ್ಲೂ ಒಬ್ಬಳೇ ಮನೆ ಮಾಡಿದಳು. ಎಲ್ಲ ಮನೆಯಲ್ಲೂ ಎರಡು ತಟ್ಟೆ ಇದ್ದವು. ಹೊರಗೆ ಹೊರಡುವಾಗ ಮೂರು ಸಲ ತಿರುಗಿ ಬಂದು ನನ್ನನ್ನು ಮುಟ್ಟಿ ನೋಡುತ್ತಿದ್ದಳು. ಗ್ಯಾಸ್ ಬಂತು. ನಾನು ಅಟ್ಟ ಸೇರಿದೆ. ಹಳೇ ಸಾಮಾನಿನವನು ಗೇಟಿನಲ್ಲಿ "ಹಿತ್ತಾಳೆ, ತಾಮ್ರ" ಎಂದು ಕೂಗಿದಾಗಲೆಲ್ಲ ನನ್ನ ಜೀವ ಹಾರುತ್ತಿತ್ತು. ಕರಗಿಸುವ ರಾಶಿಯ ಭಯ ನನ್ನನ್ನು ಎಂದೂ ಬಿಟ್ಟಿಲ್ಲ. ಅವಳು ಮಾತ್ರ ಅವನನ್ನು ಒಂದು ದಿನವೂ ಮೇಲೆ ಕರೆಯಲಿಲ್ಲ.

ಈ ಮಂಗಳವಾರ ಫೋನು ಇಟ್ಟ ಮೇಲೆ ಅವಳು ಸ್ಟೂಲು ಹತ್ತಿ ನನ್ನನ್ನು ಇಳಿಸಿದಳು. ಅವಳಿಗೂ ಈಗ ಅರವತ್ತಮೂರು, ಮೊಣಕಾಲು ನೋವು. ಸೆರಗಿನಿಂದ ನನ್ನ ಧೂಳು ಒರೆಸಿದಳು. ನನಗೆ ಹಾಕಲು ಈಗ ಎಣ್ಣೆಯಿಲ್ಲ. ನನ್ನ ತಲೆಯ ಮೇಲೆ ಒಂದು ಹಣತೆ ಇಟ್ಟು ತುಪ್ಪದ ಬತ್ತಿ ಹೊತ್ತಿಸಿದಳು. ಮುಂದೆ ಎರಡನೆಯ ತಟ್ಟೆಯಲ್ಲಿ ಒಂದು ಹಿಡಿ ಅನ್ನ ಬಡಿಸಿದಳು. ಆಮೇಲೆ ಚೀಲಕ್ಕೆ ಎರಡು ಸೀರೆ ತುಂಬಿದಳು. ಗದಗಿನ ರೈಲು ಮಧ್ಯಾಹ್ನಕ್ಕಿತ್ತು.

ಬೀಗದ ಕೈ ಹಿಡಿದುಕೊಂಡು ಅವಳು ದೀಪದ ಮುಂದೆ ನಿಂತಳು. ಉರಿಯುವ ದೀಪ ಬಿಟ್ಟು ಮನೆಗೆ ಬೀಗ ಹಾಕುವ ಧೈರ್ಯ ಅವಳಿಗಿಲ್ಲ. ನಲವತ್ತು ವರ್ಷದ ಹಿಂದಿನ ಸಂಜೆ ಅದನ್ನು ಸುಟ್ಟುಹಾಕಿತ್ತು. ಆದರೆ ಇಂದಿನ ಈ ದೀಪಕ್ಕೆ ಕೈ ಹೇಗೆ ಬರಬೇಕು? ಅವಳು ಒಂದು ಮಲ್ಲಿಗೆ ಹೂವು ತೆಗೆದುಕೊಂಡಳು. ಅವಳ ಬಾಯಲ್ಲಿ ತಾನಾಗಿ ಎಂದೂ ಬಾರದಿದ್ದ ಮಾತು ಬಂತು.

"ದೊಡ್ಡದು ಮಾಡ್ತೀನಿ ಅಕ್ಕಾ," ಎಂದಳು. ಹೂವಿನಿಂದ ಬತ್ತಿಯನ್ನು ಮೆಲ್ಲನೆ ಒತ್ತಿದಳು.

ಬಾಗಿಲು ಮುಚ್ಚಿತು. ಬೀಗ ಬಿದ್ದಿತು. ಮೂರು ಸಲ ತೆರೆದು ಬಂದು ನನ್ನನ್ನು ಮುಟ್ಟಿ ನೋಡಿ ಹೋದಳು. ಈಗ ಮನೆಯಲ್ಲಿ ನಾನೊಂದೇ. ಹೊಗೆಯ ವಾಸನೆ ಇನ್ನೂ ಇದೆ. ಎಂದಿನಂತೆ ಭಯವೂ ಇದೆ. ನನಗೆ ಮಂತ್ರ ಬರುವುದಿಲ್ಲ. ಅವರಿಂದ ಕಲಿತ ಮಾತಿನಲ್ಲೇ ಬೇಡುತ್ತೇನೆ.

ಶ್ರೀಹರಿ, ನಾನು ಸುಟ್ಟ ಆ ಕೈಯನ್ನು ನಿನ್ನ ತಣ್ಣನೆಯ ಕೈಯಲ್ಲಿ ಹಿಡಿದುಕೋ. ಆ ಎರಡು ಬೆರಳು ಬಿಡಿಸಿಕೊಳ್ಳಲಿ, ತುಳಸಿ ನೇರವಾಗಿ ನಿನ್ನ ಪಾದಕ್ಕೆ ಬೀಳಲಿ. ಒಬ್ಬ ಹುಡುಗಿಗಾಗಿ ಅವರು ಆಡಿದ ಅಶುಭದ ಮಾತನ್ನು ಅವರ ಲೆಕ್ಕಕ್ಕೆ ಹಿಡಿಯಬೇಡ. ಅವರ ಆತ್ಮಕ್ಕೆ ಶಾಂತಿ ಕೊಡು. ಆ ದೀಪವನ್ನು ದೊಡ್ಡದು ಮಾಡು, ತಂದೆ, ದೊಡ್ಡದು ಮಾಡು.