ಸಾಬವ್ವನ ಕೈಗೆ ಕೊಟ್ಟ ನೀರು

ಜೇವರ್ಗಿ ತಾಲೂಕಿನ ನೆಲೋಗಿಯಿಂದ ನಾಲ್ಕು ಮೈಲಿ ಆಚೆಯ ಒಂದು ಊರಿನಲ್ಲಿ ಹೋದ ವರ್ಷ ಮಳೆ ಬಿದ್ದರೂ ಕಪ್ಪೆ ಕೂಗಲಿಲ್ಲ. ಇದನ್ನು ಮೊದಲು ಗಮನಿಸಿದವಳು ರೇವಮ್ಮ. ಹಳ್ಳದ ದಂಡೆಯ ಬಾವಿಯ ಹತ್ತಿರ ಹಾಡಹಗಲಲ್ಲೂ ಒಂದು ಹುಳದ ಸದ್ದಿಲ್ಲ. ಬಾವಿಗೆ ಬಾಗಿದ ಜಾಲಿಗಿಡದಲ್ಲಿ ಗೀಜಗನ ಗೂಡುಗಳು ತೂಗುತ್ತಿದ್ದವು, ಒಂದರಲ್ಲೂ ಹಕ್ಕಿಯಿಲ್ಲ. ಕೊಡ ಇಳಿಸಿದರೆ ಸೋಪು ಹಾಕದೆಯೇ ನೀರು ನೊರೆಯುಕ್ಕುತ್ತಿತ್ತು. ಆ ನೀರು ಕುಡಿದ ಅವಳ ಎರಡು ಆಡುಗಳು ಗೋಡೆಗೆ ಮುಖ ಮಾಡಿ ನಿಂತುಬಿಟ್ಟವು. ಅರಚಲಿಲ್ಲ, ಮೇಯಲಿಲ್ಲ. ಮೂರನೆಯ ದಿನ ನಿಂತಲ್ಲೇ ಕುಸಿದವು.

"ಇದು ಭಾನಾಮತಿ. ಯಾರೋ ಮಾಟ ಮಾಡಿಸ್ಯಾರ" ಎಂದ ಅವಳ ಗಂಡ ಖಂಡಪ್ಪ.

ಊರಿನವರ ಕೈ ತುರಿಸಿ ಚರ್ಮ ಸುಲಿಯತೊಡಗಿತು. ಬಾವಿಯ ಪಕ್ಕದ ಒಂಟಿ ಮನೆಯ ಸಾಬವ್ವನ ಕೈ ಮಾತ್ರ ನೆಟ್ಟಗಿತ್ತು. ಗಂಡ ಸತ್ತವಳು, ಕೇಳುವವರಿಲ್ಲದವಳು. ಬೆರಳುಗಳು ಅವಳ ಕಡೆ ತಿರುಗಿದವು. ರೇವಮ್ಮನೂ ಅವಳೊಂದಿಗೆ ಮಾತು ಬಿಟ್ಟಳು.

ಒಂದು ಭಾನುವಾರ ಮಧ್ಯಾಹ್ನ ಜನ ಬಾವಿಯ ಸುತ್ತ ಕೂಡಿದರು. ಊರ ಹಿರಿಯ ಜಗದೇವಪ್ಪ ಒಂದು ಚಂಬು ನೀರು ಸೇದಿ ಸಾಬವ್ವನ ಕೈಗಿಟ್ಟ.

"ಕುಡಿ. ನಿನಗೇನೂ ಆಗಲಿಲ್ಲಂದ್ರ ಮಾಟ ನಿಂದೇ. ಏನರ ಆತಂದ್ರ ನೀ ಮಾಡಿಲ್ಲ."

"ಈ ಬಾವಿ ನೀರು ವಾಸನಿ ಹೊಡೀತದಂತ ನಾ ಎರಡು ತಿಂಗಳಿಂದ ದೂರದ ಬೋರಿನ ನೀರು ತರಾಕತ್ತೇನ್ರಿ" ಎಂದಳು ಸಾಬವ್ವ. ಜಗದೇವಪ್ಪ ಕುಡಿ ಎಂದು ಕೈಸನ್ನೆ ಮಾಡಿದ. ಅವಳು ಚಂಬನ್ನು ತುಟಿಯ ಹತ್ತಿರ ತಂದಳು.

ಆಗ ಗಾಳಿ ತಿರುಗಿತು. ಚಂಬಿನ ನೀರಿನ ವಾಸನೆ ರೇವಮ್ಮನ ಮೂಗಿಗೆ ಬಡಿಯಿತು, ಅದನ್ನು ಮೊದಲು ಎಲ್ಲಿ ಮೂಸಿದ್ದೆನೆಂದು ಈಗ ನೆನಪಾಯಿತು. ಬೇಸಿಗೆಯಲ್ಲಿ ಅವಳು ಹಳ್ಳದ ಮೇಲ್ಗಡೆಯ ಶೆಡ್ಡಿಗೆ ಎರಡು ದಿನ ಕೂಲಿಗೆ ಹೋಗಿದ್ದಳು. ಎಲ್ಲಿಂದಲೋ ಬರುವ ರಾಸಾಯನಿಕದ ಡ್ರಮ್ಮುಗಳನ್ನು ಅಲ್ಲಿ ತೊಳೆದು, ತೊಳೆದ ನೀರನ್ನು ಹಳ್ಳಕ್ಕೆ ಬಿಡುತ್ತಿದ್ದರು. ಅದೇ ವಾಸನೆ!

ಓಡಿ ಹೋಗಿ ಚಂಬನ್ನು ಕೈಯಿಂದ ಹೊಡೆದಳು. ನೀರು ಚೆಲ್ಲಿದಲ್ಲಿ ಇರುವೆ ಸಾಲೊಂದು ಹೊರಟಿತ್ತು. ಅದು ಚದುರಲಿಲ್ಲ. ಇದ್ದಲ್ಲೇ ನಿಂತುಹೋಯಿತು.

"ಇದು ಮಾಟದ ವಾಸನಿ ಅಲ್ಲರಿ, ಡ್ರಮ್ಮಿನ ವಾಸನಿ!"

ಮರುದಿನ ರೇವಮ್ಮ ಸಾಬವ್ವನನ್ನು ಕರೆದುಕೊಂಡು ಜೇವರ್ಗಿಯ ಬಸ್ಸು ಹತ್ತಿದಳು. ಅಲ್ಲಿಯ ಕೋರ್ಟಿನ ಆವರಣದಲ್ಲಿ ಬಡವರಿಗೆ ಪುಕ್ಕಟೆ ಕಾನೂನು ನೆರವು ಕೊಡುವ ಕಚೇರಿಯಿದೆ. ಆ ಕಚೇರಿಯ ಸ್ವಯಂಸೇವಕಿ ಸಂಘಮಿತ್ರಾ ಅವರಿಬ್ಬರ ಜೊತೆ ಊರಿಗೇ ಬಂದಳು.

ಖಂಡಪ್ಪ ನಂಬಲಿಲ್ಲ. "ಶೆಡ್ಡಿನಿಂದಲೇ ಆತು ಅನ್ನಾಕ ಸಬೂತ್, ಪುರಾವೆ ಎಲ್ಲದ? ನಮ್ಮಂಥವ್ರು ಹ್ಯಾಂಗ ತೋರಸೂದು?"

"ಪೂರಾ ಸಬೂತ್ ಸಿಗೋತನಕ ಕಾಯೂದು ಬ್ಯಾಡ್ರಿ ಅಣ್ಣಾರ" ಎಂದಳು ಸಂಘಮಿತ್ರಾ. "ಬ್ರೆಜಿಲ್‌ದಾಗ ರಿಯೊ ಅಂತ ಊರದ. ೧೯೯೨ರಾಗ ಜಗತ್ತಿನ ದೇಶಗಳು ಅಲ್ಲಿ ಕೂಡಿ ಒಪ್ಪಿದ್ವು. ನೆಲ-ನೀರಿಗೆ ದೊಡ್ಡ ಹಾನಿ ಆಗೋ ಭಯ ಇದ್ರ ಮೊದಲೇ ತಡೀಬೇಕು. ಕೆಡಿಸಿದವನೇ ಖರ್ಚು ಕೊಡಬೇಕು."

"ಪರದೇಶದಾಗಿನ ಮಾತು ನಮ್ಮ ಕೋರ್ಟಿನಾಗ ನಡೀತದೇನು?"

"ನಡೀತದ್ರಿ. ತಮಿಳುನಾಡಿನ ಚರ್ಮದ ಕಾರ್ಖಾನೆಗಳು ನೀರು ಕೆಡಿಸಿದ ಕೇಸಿನಾಗ, ೧೯೯೬ರಾಗ, ನಮ್ಮ ಸುಪ್ರೀಂ ಕೋರ್ಟೇ ಹೇಳ್ಯದ. ಈ ತತ್ವ ನಮ್ಮ ಕಾನೂನಿನ ಭಾಗ. ನಮ್ಮ ಕಾಯ್ದೆಗೆ ಎದುರಾಗದಿದ್ರ, ಜಗತ್ತಿನ ದೇಶಗಳು ರೂಢಿಯಿಂದ ಪಾಲಿಸೋ ಕಾನೂನು ನಮ್ಮ ಕೋರ್ಟಿನಾಗೂ ಕಾನೂನೇ. ಹಾನಿ ಇಲ್ಲಂತ ತೋರಸೂದು ಕಾರ್ಖಾನೆಯವನ ಹೊಣಿ. ಪರಿಸರದ ಕೇಸು ನೋಡೋ ಹಸಿರು ನ್ಯಾಯಮಂಡಳಿಯ ಕಾಯ್ದೆದಾಗೂ ಈ ತತ್ವ ಬರದಾರ." ಸಾಬವ್ವನ ಕಡೆ ಕೈ ತೋರಿಸಿ ಅವಳು ಎಂದಳು: "ನೀ ಮಾಡಿಲ್ಲಂತ ತೋರ್ಸು ಅಂತ ನೀವು ಈ ಅವ್ವಗ ಕೇಳಿದ್ರಿ. ಕೇಳಬೇಕಾದ್ದು ಆ ಶೆಡ್ಡಿನ ಮಾಲಕಗ."

ಹಸಿರು ನ್ಯಾಯಮಂಡಳಿಗೆ ಸಂಘಮಿತ್ರಾ ಬರೆದ ಅರ್ಜಿಗೆ ಮೊದಲು ಸಹಿ ಹಾಕಿದವನು ಖಂಡಪ್ಪನೇ.

ಮಾಲಿನ್ಯ ನಿಯಂತ್ರಣ ಮಂಡಳಿಯವರು ಬಂದು ಬಾಟಲಿಗಳಲ್ಲಿ ನೀರು ತುಂಬಿಕೊಂಡು ಹೋದರು. ಚೆನ್ನೈನ ಹಸಿರು ನ್ಯಾಯಮಂಡಳಿ ಶೆಡ್ಡಿನ ಮಾಲಕನಿಗೆ, ಹಾನಿಯಿಲ್ಲವೆಂದು ತೋರಿಸುವವರೆಗೆ ಕೆಲಸ ನಿಲ್ಲಿಸು ಎಂದಿತು. ಅವನಿಂದ ತೋರಿಸಲಾಗಲಿಲ್ಲ. ಹಳ್ಳ, ಬಾವಿ ಶುದ್ಧ ಮಾಡಿಸುವ ವೆಚ್ಚ ಅವನ ಮೇಲೇ ಬಿತ್ತು. ಬಾವಿಗೆ ಇನ್ನೂ ಬೇಲಿಯಿದೆ. ಊರಿಗೆ ನೀರಿನ ಟ್ಯಾಂಕರ್ ಬರುತ್ತದೆ.

ಖಂಡಪ್ಪ ಹೆಂಡತಿಯೊಂದಿಗೆ ಸಾಬವ್ವನ ಮನೆಗೆ ಹೋದ. "ತಪ್ಪಾತು ಸಾಬವ್ವಕ್ಕ."

ಸಾಬವ್ವ ಇಬ್ಬರನ್ನೂ ಕೂರಿಸಿದಳು. "ಆ ದಿವಸ ನಾ ಕುಡೀತಿದ್ನಿ, ಖಂಡಪ್ಪ. ನಿಮ್ಮೆಲ್ಲರ ಕಣ್ಣು ನೋಡಿ ನನಗೂ ಹಂಗೇ ಅನಸಾಕತ್ತಿತ್ತು, ನಾನೇ ಮಾಡೀನೇನೋ ಅಂತ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನ ನೀರು ಕೆಟ್ಟರೆ ಒಂಟಿ ಹೆಣ್ಣಿನ ಬಾಗಿಲಿಗೆ ಹೋಗಬೇಡಿ. ಮೊದಲು ಆ ನೀರು ಬಿಡಿ, ಅದನ್ನು ಪರೀಕ್ಷೆ ಮಾಡಿಸಿ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ ಕಾನೂನು ಸಹಾಯವಾಣಿ ೧೫೧೦೦ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ. ಜಗತ್ತು ಒಪ್ಪಿದ ನ್ಯಾಯ ನಿಮ್ಮ ಕೋರ್ಟಿನಲ್ಲೂ ಇದೆ. ಕೇಳಿ ಪಡೆಯಿರಿ.